ಅಮ್ಮನ ಬಲದವಡೆ

ಅರಿಶಿನ ಹಚ್ಚಲು ಬಂದ ಕೈಯನ್ನು ಒಬ್ಬ ಮುತ್ತೈದೆ ತಳ್ಳಿಬಿಟ್ಟಳು ಎಂಬ ಒಂದೇ ವಿಷಯವನ್ನು ಜಯನಗರದ ಒಂದು ಬೀದಿ ಎಷ್ಟು ದಿನ ಆಡಿಕೊಳ್ಳಬಹುದು? ನಮ್ಮ ಬೀದಿ ನಾಲ್ಕು ವರ್ಷ ಆಡಿಕೊಂಡಿತು. ತಳ್ಳಿದವಳು ನನ್ನ ಅಮ್ಮ. ನಾಲ್ಕು ವರ್ಷವೂ ನಾನು ಅದೇ ಬೀದಿಯಲ್ಲಿದ್ದೆ, ಅದೂ ದಂತವೈದ್ಯದ ವಿದ್ಯಾರ್ಥಿನಿಯಾಗಿ. ಈಗ ನೆನೆಸಿಕೊಂಡರೂ ನನಗೆ ಮೈಯೆಲ್ಲ ಉರಿಯುತ್ತದೆ.

ಎಪ್ಪತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ಶ್ರಾವಣದ ಒಂದು ಶುಕ್ರವಾರ, ನಮ್ಮ ಮನೆಯಿಂದ ಮೂರನೆಯ ಮನೆಯಲ್ಲಿ ಅರಿಶಿನ ಕುಂಕುಮಕ್ಕೆ ಕರೆದಿದ್ದರು. ಜಮಖಾನದ ಮೇಲೆ ಹತ್ತು ಹನ್ನೆರಡು ಹೆಂಗಸರು, ಅವರ ನಡುವೆ ಅಮ್ಮ ಮತ್ತು ನಾನು. ಸಾಮಾನ್ಯವಾಗಿ ಬಟ್ಟಲು ಮುಂದೆ ಹಿಡಿಯುತ್ತಾರೆ, ನಾವೇ ಬೆರಳಲ್ಲಿ ತೆಗೆದುಕೊಂಡು ಕೆನ್ನೆಗೆ ಸೋಕಿಸಿಕೊಳ್ಳುತ್ತೇವೆ. ಆ ಮನೆಯಾಕೆ ವಯಸ್ಸಿನಲ್ಲಿ ಹಿರಿಯರು, ಅಮ್ಮನನ್ನು ಕಂಡರೆ ಪ್ರೀತಿ. ತಾವೇ ಹಚ್ಚೋಣವೆಂದು ಅಮ್ಮನ ಬಲಗೆನ್ನೆಗೆ ಕೈ ತಂದರು, ಬೆರಳು ಸೋಕಿತು. ಅಮ್ಮ ಬೆಚ್ಚಿ ಮುಖ ಹಿಂದಕ್ಕೆಳೆದುಕೊಂಡಳು. ಅಡ್ಡ ಬಂದ ಅವಳ ಕೈ ಬಡಿದು ಅರಿಶಿನದ ಬಟ್ಟಲು ಮಗುಚಿ ಜಮಖಾನವೆಲ್ಲ ಹಳದಿಯಾಯಿತು. ಅಮ್ಮ ಬೆವರುತ್ತಲೇ ನಕ್ಕು, "ತಪ್ಪು ತಿಳ್ಕೋಬೇಡಿ, ಹಲ್ಲುನೋವು" ಅಂದಳು. ಆಕೆ "ಪರವಾಗಿಲ್ಲ ಬಿಡಿ" ಅಂದರು, ಆದರೆ ಆಮೇಲೆ ಅಮ್ಮನ ಕಡೆ ಬಟ್ಟಲು ತರಲಿಲ್ಲ.

ಮನೆಗೆ ಬರುವ ಹೊತ್ತಿಗೆ ಸುದ್ದಿ ನಮಗಿಂತ ಮೊದಲೇ ಬಂದು ಅತ್ತೆಯ ಕಿವಿ ಸೇರಿತ್ತು. ಅತ್ತೆ ಎಂದರೆ ಅಪ್ಪನ ಅಕ್ಕ. ಸಣ್ಣ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ನಮ್ಮ ಮನೆಗೆ ಬಂದವರು. ಮಡಿ, ಮೈಲಿಗೆ, ಯಾರು ಯಾವಾಗ ಉಣ್ಣಬೇಕು, ಎಲ್ಲ ಅವರದೇ ಕಾನೂನು.

"ಏನೇ ಇದು? ಮುತ್ತೈದೆ ಆದವಳು ಅರಿಶಿನ ಬೇಡ ಅನ್ನೋದುಂಟಾ? ನನ್ನಂಥವಳಿಗೆ ಕೊಡಲ್ಲ, ನಿಂಗೆ ಕೊಟ್ರೆ ಜಂಭ!" ಎಂದರು.

"ಇಲ್ಲ ಅತ್ತಿಗೆ, ಅವರ ಕೈ ತಗುಲಿದ ತಕ್ಷಣ ಝಗ್ ಅಂತು" ಎಂದಳು ಅಮ್ಮ.

"ಝಗ್ ಅನ್ನುತ್ತಂತೆ. ನಾವೂ ಹಲ್ಲುನೋವು ಕಂಡೋರೇ."

ಅಮ್ಮನಿಗೆ ಆ ನೋವು ಶುರುವಾಗಿ ಕೆಲವೇ ತಿಂಗಳಾಗಿತ್ತು. ಬಲಗೆನ್ನೆಯ ಕೆಳಗಡೆ, ಕರೆಂಟು ಹೊಡೆದಂತೆ ಬರುವುದು. ನಾಲ್ಕು ಎಣಿಸುವಷ್ಟರಲ್ಲಿ ಹೋಗುವುದು. ಹೋದಮೇಲೆ ನೋಡಿದರೆ ಬಾವಿಲ್ಲ, ಕೆಂಪಿಲ್ಲ, ಜ್ವರವಿಲ್ಲ. ನೋಡುವವರಿಗೆ ನಾಟಕವೆನಿಸಿದರೆ ಆಶ್ಚರ್ಯವಿಲ್ಲ. ಬನಶಂಕರಿ ಗುಡಿಯಲ್ಲಿ ಮಂಗಳವಾರ ರಾಹುಕಾಲಕ್ಕೆ ನಿಂಬೆಹಣ್ಣಿನ ದೀಪ ಹಚ್ಚಿದರೆ ಸರಿಹೋಗುತ್ತದೆಂದು ಅತ್ತೆ ಅಮ್ಮನನ್ನು ಒಂಬತ್ತು ವಾರ ಕಳಿಸಿದರು. ಅಪ್ಪ ತಮ್ಮ ಪಾಲಿನ ಪರಿಹಾರವೆಂದು ನಮ್ಮ ಬ್ಲಾಕಿನ ಡೆಂಟಿಸ್ಟ್ ಹತ್ತಿರ ಕರೆದುಕೊಂಡು ಹೋದರು. ಆತ ಬಾಯಿ ತೆರೆಸಿ, ಬಲಗಡೆ ಕೆಳಗಿನ ಕಟ್ಟಕಡೆಯ ದವಡೆಹಲ್ಲು ಕಿತ್ತು ಕಳಿಸಿದರು.

ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು. ಹಲ್ಲು ಕಿತ್ತ ಮೇಲೆ ಎರಡು ತಿಂಗಳು ನೋವು ಸುಮ್ಮನಾಯಿತು. ಆ ಕಾಯಿಲೆಯ ಸ್ವಭಾವವೇ ಹಾಗೆ, ತಾನಾಗಿ ಬರುತ್ತದೆ, ತಾನಾಗಿ ಹೋಗುತ್ತದೆ, ಹೋದಷ್ಟು ದಿನ ಹೋಗಿ ಮತ್ತೆ ಬರುತ್ತದೆ. ಇದು ಆಗ ನಮಗ್ಯಾರಿಗೂ ಗೊತ್ತಿರಲಿಲ್ಲ. ಅಪ್ಪ ಆಫೀಸಿನಲ್ಲಿ ಆ ಡೆಂಟಿಸ್ಟನ್ನು ಹೊಗಳಿದ್ದೇ ಹೊಗಳಿದ್ದು.

ಇದೇ ಸಮಯಕ್ಕೆ ನಾನು ದಂತವೈದ್ಯ ಕಾಲೇಜಿನ ಮೊದಲ ವರ್ಷದಲ್ಲಿದ್ದೆ. ಅಂಗರಚನೆ ಓದಲು ಮೂಳೆ ಬೇಕಿತ್ತು. ಹಿರಿಯ ವಿದ್ಯಾರ್ಥಿಗಳು ತಮ್ಮದು ಮುಗಿದ ಮೇಲೆ ಕಿರಿಯರಿಗೆ ದಾಟಿಸುವುದು ರೂಢಿ. ನನ್ನ ಪಾಲಿಗೆ ಒಂದು ಕೆಳದವಡೆ ಬಂತು. ಪೇಪರಿನಲ್ಲಿ ಸುತ್ತಿ, ಊಟದ ಡಬ್ಬಿಯ ಪಕ್ಕದಲ್ಲಿಟ್ಟುಕೊಂಡು ಬಸ್ಸಿನಲ್ಲಿ ತಂದೆ. ಅತ್ತೆ ನೋಡಿದರು.

"ಅಯ್ಯೋ ದೇವರೇ, ಯಾರ ಮನೆ ಹೆಣವೋ! ಹೊಸ್ತಿಲು ದಾಟಿಸಿದ್ಯೋ, ನಾನು ಈ ಮನೇಲಿ ನೀರು ಮುಟ್ಟಲ್ಲ."

ಅಪ್ಪ ರಾಜಿ ಮಾಡಿಸಿದರು. ದವಡೆ ಹಿತ್ತಲಿನಲ್ಲಿ, ಒಗೆಯುವ ಕಲ್ಲಿನ ಹಿಂದೆ, ಬಿಸ್ಕತ್ತಿನ ಡಬ್ಬದಲ್ಲಿ ಇರಬೇಕು. ಓದಿದ ಮೇಲೆ ನಾನು ತಲೆಗೆ ಸ್ನಾನ ಮಾಡಿ ಒಳಗೆ ಬರಬೇಕು. ಹಾಗಾಗಿ ನನ್ನ ಅನಾಟಮಿಯೆಲ್ಲ ಒಗೆಯುವ ಕಲ್ಲಿನ ಮೇಲೆ ಕೂತು ಓದಿದ್ದು. ಆ ವರ್ಷ ನನ್ನ ಕೂದಲು ಒಣಗಿದ್ದೇ ನೆನಪಿಲ್ಲ.

ಒಂದು ಭಾನುವಾರ ಬೆಳಿಗ್ಗೆ ಅಮ್ಮ ಬಟ್ಟೆ ಒಗೆಯಲು ಬಂದಳು. ಸ್ನಾನಕ್ಕೆ ಮೊದಲು, ಅಂದರೆ ಮಡಿಯ ಭಯವಿಲ್ಲದ ಹೊತ್ತು. ಬಕೆಟ್ ಇಟ್ಟು, "ಕೊಡೇ ನೋಡೋಣ" ಎಂದು ದವಡೆಯನ್ನು ಕೈಗೆ ತೆಗೆದುಕೊಂಡಳು. ಅಸಹ್ಯ ಪಡಲಿಲ್ಲ. ತೆಂಗಿನಕಾಯಿ ಆರಿಸುವ ಹಾಗೆ ಅತ್ತಿತ್ತ ತಿರುಗಿಸಿ ನೋಡಿದಳು.

ನನಗೋ ಪಾಠ ಒಪ್ಪಿಸಲು ಒಬ್ಬರು ಸಿಕ್ಕಿದ ಖುಷಿ. ಕೆಳದವಡೆ ಒಂದೇ ಮೂಳೆ ಕಣಮ್ಮ, ಲಾಳದ ಹಾಗೆ ಬಾಗಿರುತ್ತೆ, ಎರಡು ತುದಿಯೂ ಮೇಲಕ್ಕೆದ್ದು ಕಿವಿಯ ಮುಂದೆ ತಲೆಬುರುಡೆಗೆ ಕೂಡಿಕೊಳ್ಳುತ್ತೆ ಎಂದು ಶುರುಮಾಡಿದೆ. ಕೆನ್ನೆಯ ಮೇಲೆ ಕೈಯಿಟ್ಟು ಹಲ್ಲು ಕಚ್ಚಲು ಹೇಳಿದೆ. ಅಂಗೈ ಕೆಳಗೆ ಗಟ್ಟಿಯಾಗಿ ಉಬ್ಬುವುದೇ ಮ್ಯಾಸೆಟರ್, ಅಗಿಯುವ ಸ್ನಾಯುಗಳಲ್ಲಿ ನಮ್ಮ ಕೈಗೆ ಚೆನ್ನಾಗಿ ಸಿಗುವಂಥದ್ದು. ಇನ್ನೊಂದು ಕಣತಲೆಯಲ್ಲಿ ಬೀಸಣಿಗೆಯಂತೆ ಹರಡಿಕೊಂಡಿರುತ್ತದೆ, ಊಟ ಮಾಡುವವರ ಕಣತಲೆ ನೋಡಿದರೆ ಅದು ಮಿಡುಕುವುದು ಕಾಣುತ್ತದೆ. ಮಿಕ್ಕ ಎರಡು ದವಡೆಯ ಒಳಮಗ್ಗುಲಿಗೆ ಅಡಗಿರುತ್ತವೆ. ಬಾಯಿ ತೆರೆಯುವಾಗ ದವಡೆಯನ್ನು ಮುಂದಕ್ಕೆಳೆಯುವುದು, ಅಗಿಯುವಾಗ ಪಕ್ಕಕ್ಕೆ ತಿರುಗಿಸುವುದು ಅವುಗಳ ಕೆಲಸ.

"ಹಾಗಾದ್ರೆ ಇದು ಒರಳುಕಲ್ಲೇ ಅನ್ನು" ಎಂದಳು ಅಮ್ಮ. ಆಮೇಲೆ ಯೋಚಿಸಿ, "ನಮ್ಮ ಒರಳಲ್ಲಿ ಗುಂಡು ತಿರುಗತ್ತೆ. ಇದ್ರಲ್ಲಿ ಮೇಲಿಂದು ಸುಮ್ನಿರತ್ತೆ, ಕೆಳಗಿನ ಒರಳೇ ತಿರುಗತ್ತೆ. ಅಲ್ವಾ?" ಎಂದು ಕೇಳಿದಳು.

ನಮ್ಮ ತರಗತಿಯಲ್ಲಿ ಯಾರೂ ಇಷ್ಟು ಚೆನ್ನಾಗಿ ಹೇಳಿರಲಿಲ್ಲ. ಅಮ್ಮ ಓದಿದ್ದು ಎಂಟನೇ ಕ್ಲಾಸು. ನಾನು ಹೇಳಿದಂತೆಲ್ಲ ಹಲ್ಲು ಕಚ್ಚಿ ಕೆನ್ನೆ ಮುಟ್ಟಿ ನೋಡಿಕೊಂಡಳು, ಆದರೆ ಮುಟ್ಟಿಕೊಂಡಿದ್ದು ಎಡಗೆನ್ನೆ ಮಾತ್ರ. ಬಲಗಡೆಗೆ ಕೈ ಹೋಗಲೇ ಇಲ್ಲ. ಅದು ನನ್ನ ಕಣ್ಣೆದುರಿಗೇ ನಡೆಯಿತು, ನಾನು ನೋಡಲಿಲ್ಲ.

ನರದ ವಿಷಯಕ್ಕೆ ಬಂದೆ. ಮುಖಕ್ಕೆ ಸ್ಪರ್ಶ ಕೊಡುವ ನರ ಮಿದುಳಿನಿಂದ ಹೊರಡುವ ನರಗಳಲ್ಲಿ ಐದನೆಯದು. ಮೂರು ಕವಲು: ಹಣೆಗೊಂದು, ಮೇಲಿನ ದವಡೆಗೊಂದು, ಕೆಳಗಿನ ದವಡೆಗೊಂದು. ಮೂರನೆಯ ಕವಲಿಗೆ ಎರಡು ಕೆಲಸ. ಅಗಿಯುವ ಸ್ನಾಯುಗಳಿಗೆಲ್ಲ ಶಕ್ತಿ ಕೊಡುವುದೂ ಅದೇ, ಕೆಳಗಿನ ಹಲ್ಲಿಗೆ ನೋವು ತಿಳಿಸುವುದೂ ಅದೇ. ಅದರ ಒಂದು ಎಳೆ ದವಡೆಯ ಒಳಮಗ್ಗುಲ ತೂತಿನಿಂದ ಮೂಳೆಯೊಳಕ್ಕೆ ಹೊಕ್ಕು, ಹಲ್ಲಿನ ಬೇರುಗಳ ಕೆಳಗೇ ಸಾಗಿ, ಗದ್ದದ ಪಕ್ಕದ ಇನ್ನೊಂದು ಸಣ್ಣ ತೂತಿನಿಂದ ಹೊರಗೆ ಬರುತ್ತದೆ.

ಅಮ್ಮ ಆ ಸಣ್ಣ ತೂತನ್ನು ಹುಡುಕಿದಳು. ಕಿರುಬೆರಳ ತುದಿಯನ್ನು ಅದರ ಮೇಲಿಟ್ಟಳು.

"ಇಲ್ಲಿಂದ್ಲೇ ಕಣೇ ನಂಗೆ ಶುರುವಾಗೋದು. ಇಲ್ಲಿಂದ ಹೊರಟು ಕಿವಿ ಮುಂದಕ್ಕೆ ಹೋಗತ್ತೆ. ಇದು ಹಲ್ಲಿಂದಲ್ಲ ಅನ್ಸತ್ತೆ ನಂಗೆ."

ಕಾಯಿಲೆಯ ಹೆಸರೊಂದನ್ನು ಬಿಟ್ಟು ಎಲ್ಲವನ್ನೂ ಅವಳು ಹೇಳಿದ್ದಳು. ನಾನೇನು ಹೇಳಿದೆ? "ಹಲ್ಲಿನ ಬೇರು ಅದ್ರ ಮೇಲೇ ಇರತ್ತಲ್ಲಮ್ಮ, ಅದಕ್ಕೇ ನಿಂಗೆ ಹಂಗನ್ಸತ್ತೆ" ಎಂದು ತಿದ್ದಿದೆ. ಮೊದಲನೇ ವರ್ಷದ ಹುಡುಗಿ, ಆರು ತಿಂಗಳ ಓದು! ಅಮ್ಮ "ಹೌದೇನೋ" ಎಂದು ದವಡೆಯನ್ನು ಡಬ್ಬದಲ್ಲಿಟ್ಟು ಬಟ್ಟೆ ನೆನೆಹಾಕಿದಳು.

ಅವಳು ಸದಾ ನಗುತ್ತಲೇ ಇದ್ದುದೂ ನಮಗೆ ಮೋಸ ಮಾಡಿತು. ಮನೆಗೆ ಯಾರೇ ಬರಲಿ, ನಗುತ್ತ ಕಾಫಿ ಕೊಡುವಳು. "ಅಷ್ಟು ನೋವಿದ್ರೆ ನಗ್ತಾಳಾ?" ಎಂದು ಅತ್ತೆ ಕೇಳುವರು. ನಗಿಸುವ ನರ ಏಳನೆಯದು, ನೋಯಿಸುವ ನರ ಐದನೆಯದು ಎಂದು ನಾನು ಪರೀಕ್ಷೆಯಲ್ಲಿ ಬರೆದು ಅಂಕ ತೆಗೆದುಕೊಂಡವಳು. ಒಂದು ಉರಿಯುತ್ತಿದ್ದರೂ ಇನ್ನೊಂದು ತನ್ನ ಪಾಡಿಗೆ ನಗಿಸುತ್ತಿರಬಹುದು. ನಮ್ಮ ಕಡೆಯ ಹೆಂಗಸರಿಗೆ ದೇವರು ಆ ಎರಡನ್ನು ಒಂದೇ ನರ ಮಾಡಿದ್ದರೆ ಎಷ್ಟೋ ಮನೆಗಳ ಬಂಡವಾಳ ಬಯಲಾಗುತ್ತಿತ್ತು.

ನೋವು ಮತ್ತೆ ಬಂತು. ಡೆಂಟಿಸ್ಟ್ ಎರಡನೆಯ ಹಲ್ಲು ಕಿತ್ತರು. ಮತ್ತೆ ಸ್ವಲ್ಪ ದಿನ ಬಿಡುವು, ಮತ್ತೆ ನೋವು, ಮೂರನೆಯ ಹಲ್ಲು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ಗಾದೆ ನಮ್ಮಲ್ಲಿ ಎಲ್ಲರಿಗೂ ಗೊತ್ತು. ನಮ್ಮ ಮನೆಯಲ್ಲಿ ನರಕ್ಕೆ ಜ್ವರ ಬಂದಿತ್ತು, ಬರೆ ಹಲ್ಲಿಗೆ ಬೀಳುತ್ತಿತ್ತು. ಮೂರೂ ಹಲ್ಲು ಹುಳುಕಿರಲಿಲ್ಲ ಎಂದು ಆಮೇಲೆ ಅಮ್ಮನೇ ಹೇಳಿದಳು. ಆಗ ಯಾರೂ ಕೇಳಲಿಲ್ಲ.

ಅವಳು ಹೇಗೆ ಊಟ ಮಾಡುತ್ತಾಳೆಂಬುದೂ ನಮಗೆ ಗೊತ್ತಿರಲಿಲ್ಲ. ಕೇಳಿದರೆ ನಂಬುತ್ತೀರಾ? ಒಂದೇ ಮನೆ, ಒಂದೇ ಅಡುಗೆ. ಆದರೆ ಮೊದಲು ಅಪ್ಪನ ಎಲೆ, ಆಮೇಲೆ ನನ್ನದು, ಅತ್ತೆಯದು ಮಡಿಯಲ್ಲಿ ಬೇರೆ, ಎಲ್ಲ ಮುಗಿದು ಎಂಜಲು ಬಳಿದ ಮೇಲೆ ಅಮ್ಮ. ನಾನು ಹುಟ್ಟಿದಾಗಿನಿಂದ ಅವಳು ಬಡಿಸುವುದನ್ನು ನೋಡಿದ್ದೆನೇ ಹೊರತು ಅಗಿಯುವುದನ್ನು ನೋಡಿರಲಿಲ್ಲ. ಊಟ ಬಡಿಸುವವಳು ಉಣ್ಣುವುದನ್ನು ಯಾರೂ ನೋಡಬಾರದೆಂಬ ಈ ಪದ್ಧತಿಯನ್ನು ಯಾರು ಮಾಡಿದರೋ, ಅವರು ನನ್ನ ಕೈಗೆ ಸಿಗಲಿಲ್ಲ.

ಮೂರನೆಯ ವರ್ಷದಲ್ಲಿ ಒಂದು ದಿನ ಕಾಲೇಜಿನಲ್ಲಿ ಮುಷ್ಕರವಾಗಿ ಎರಡು ಗಂಟೆಗೇ ಮನೆಗೆ ಬಂದೆ. ಅತ್ತೆ ಮಲಗಿದ್ದರು. ಅಮ್ಮ ಅಡುಗೆಮನೆಯಲ್ಲಿ ಗೋಡೆಗೆ ಮುಖ ಮಾಡಿ ಕೂತಿದ್ದಳು. ಅನ್ನವನ್ನು ಸಾರಿನಲ್ಲಿ ಗಂಜಿಯಂತೆ ಕಿವುಚಿ ಲೋಟಕ್ಕೆ ಹಾಕಿಕೊಂಡಿದ್ದಳು. ತಲೆಯನ್ನು ಎಡಕ್ಕೆ ವಾಲಿಸಿ, ಕೂಸಿಗೆ ಒಳಲೆಯಲ್ಲಿ ಹಾಲು ಕುಡಿಸುವಂತೆ ಎಡಗಡೆಯ ಬಾಯಿಗೆ ಸ್ವಲ್ಪ ಸ್ವಲ್ಪ ಸುರಿದುಕೊಳ್ಳುತ್ತಿದ್ದಳು. ಒಂದು ಗುಟುಕು, ಆಮೇಲೆ ಕಾಯುವುದು. ಮೂರನೆಯ ಗುಟುಕಿಗೆ ಅದು ಬಂತು. ಕೈ ಕೆನ್ನೆಯ ಹತ್ತಿರಕ್ಕೆ ಹೋಗಿ ಒಂದಿಂಚು ಆಚೆಯೇ ನಿಂತುಬಿಟ್ಟಿತು, ಮುಟ್ಟುವ ಹಾಗಿಲ್ಲವಲ್ಲ. ಕಣ್ಣು ಗಟ್ಟಿಯಾಗಿ ಮುಚ್ಚಿದ್ದಳು. ಗಂಟಲಿನಿಂದ ಒಂದು ಸಣ್ಣ ಸದ್ದು ಬಂತು, ಅಷ್ಟೇ. ಅದು ಹೋಯಿತು. ಸೆರಗಿನಿಂದ ಕಣ್ಣೊರೆಸಿಕೊಂಡು ಮತ್ತೆ ಲೋಟ ಎತ್ತಿದಾಗ ನನ್ನನ್ನು ನೋಡಿದಳು.

"ಬಂದ್ಯಾ? ತಟ್ಟೆ ಹಾಕ್ಲಾ?" ಎಂದಳು, ನಗುತ್ತ.

ಅಷ್ಟು ನೋಡಿದ ಮೇಲೂ ನನ್ನ ಬಾಯಿಂದ ಬಂದ ಮಾತು: "ಆ ಡಾಕ್ಟ್ರು ಇನ್ನೊಂದು ಹಲ್ಲು ಬಿಟ್ಟಿದಾರೆ ಅನ್ಸತ್ತಮ್ಮ."

ಈಗ ನನ್ನ ಸರದಿಗೆ ಬರುತ್ತೇನೆ. ಇದುವರೆಗೆ ಅತ್ತೆಯನ್ನೂ ಡೆಂಟಿಸ್ಟನ್ನೂ ಬೈದದ್ದಾಯಿತು. ನಾಲ್ಕನೆಯ ಹಲ್ಲು ಕಿತ್ತವಳು ನಾನು.

ಕೊನೆಯ ವರ್ಷದಲ್ಲಿ ಪ್ರತಿಯೊಬ್ಬರೂ ಇಂತಿಷ್ಟು ಹಲ್ಲು ಕಿತ್ತು ರೆಕಾರ್ಡ್ ಪುಸ್ತಕದಲ್ಲಿ ಮೇಷ್ಟರ ಸಹಿ ಹಾಕಿಸಬೇಕಿತ್ತು. ಇಲ್ಲದಿದ್ದರೆ ಪರೀಕ್ಷೆಗೆ ಕೂರಿಸುವುದಿಲ್ಲ. ನನಗೆ ಒಂದು ಕಡಿಮೆ ಬಿದ್ದಿತ್ತು, ದವಡೆಹಲ್ಲಿನ ಮುಂದಿನ ಸಣ್ಣಹಲ್ಲು. ಆ ವಾರ ರೋಗಿಗಳು ಸಿಗಲಿಲ್ಲ. ಮನೆಯಲ್ಲಿ ಗೊಣಗಿಕೊಂಡೆ. ಅಮ್ಮ ತರಕಾರಿ ಹೆಚ್ಚುತ್ತಿದ್ದವಳು ಈಳಿಗೆಮಣೆ ಮಡಿಸಿ, "ನಂದೇ ಕೀಳು, ನಾಳೇನೇ ಬರ್ತೀನಿ" ಎಂದಳು. ಅವಳ ದನಿಯಲ್ಲಿ ಒಂದು ಆತುರವಿತ್ತು. ಮಗಳ ಪರೀಕ್ಷೆಗಾಗಿ ತಾಯಿಯ ಆತುರವೆಂದು ನಾನು ಹಿಗ್ಗಿದೆ.

ಮರುದಿನ ಸೆರಗನ್ನು ಬಲಗೆನ್ನೆಯ ಮೇಲೆ ಹಿಡಿದುಕೊಂಡು, ಬಸ್ಸಿನಲ್ಲಿ ಕಿಟಕಿಯಿಂದ ದೂರದ ಸೀಟಿನಲ್ಲಿ ಕೂತು ಬಂದಳು. ಕುರ್ಚಿಯಲ್ಲಿ ಕೂರಿಸಿದೆ. ಮೇಷ್ಟರು ಬಂದು ಬಾಯಿ ನೋಡುವ ಕನ್ನಡಿಯ ಹಿಡಿಯಿಂದ ಹಲ್ಲನ್ನು ಮೆಲ್ಲಗೆ ತಟ್ಟಿದರು.

"ನೋಯತ್ತಾ ತಾಯಿ?"

"ತಟ್ಟಿದ್ರೆ ಇಲ್ಲ. ಅದು ತಾನಾಗೇ ಬರತ್ತೆ ಸಾರ್."

ನಿಜವಾದ ಮೇಷ್ಟರಾಗಿದ್ದರೆ ಆ ಒಂದು ಮಾತಿಗೆ ನಿಲ್ಲಬೇಕಿತ್ತು. ಹಲ್ಲಿನದೇ ನೋವಾದರೆ ತಟ್ಟಿದಾಗ ನೋಯಬೇಕು, ಬಿಸಿಗೋ ತಣ್ಣಗಿದ್ದುದಕ್ಕೋ ಜುಮ್ಮೆನ್ನಬೇಕು. ಎಕ್ಸ್‌ರೇ ಫಿಲ್ಮು ಆ ವಾರ ಮುಗಿದಿತ್ತು. "ಕಂಪ್ಲೇಂಟ್ ಇದೆಯಲ್ಲ, ತೆಗೀಮ್ಮ" ಎಂದು ಅವರು ಮುಂದಿನ ಕುರ್ಚಿಗೆ ಹೋದರು.

ನಾನು ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟೆ. ಬಾಯಿಯ ಹಿಂಭಾಗದಲ್ಲಿ, ಆ ನರ ದವಡೆಯ ಮೂಳೆಯೊಳಕ್ಕೆ ಹೋಗುವ ಜಾಗದ ಪಕ್ಕಕ್ಕೆ ಸೂಜಿ ತಲುಪಬೇಕು. ಸೂಜಿ ಇಳಿಯುವಾಗ ಅಮ್ಮ ಕುರ್ಚಿಯ ತೋಳನ್ನು ಹಿಡಿದಳು, ಅಲುಗಲಿಲ್ಲ. ಐದು ನಿಮಿಷಕ್ಕೆ ಬಲಗಡೆಯ ತುಟಿ ಮರಗಟ್ಟಿತು. ಅವಳ ಇಡೀ ಮುಖ ಸಡಿಲವಾಗಿದ್ದನ್ನು ಕಂಡೆ, ಭುಜ ಕೆಳಗಿಳಿಯಿತು. ಹಲ್ಲು ಎರಡೇ ಎಳೆತಕ್ಕೆ ಬಂತು.

ಅದನ್ನು ಬೆಳಕಿಗೆ ಹಿಡಿದೆ. ಕಿರೀಟದಿಂದ ಬೇರಿನ ತುದಿಯವರೆಗೆ ಒಂದು ಕಲೆಯಿಲ್ಲ, ತೂತಿಲ್ಲ. ಪುಸ್ತಕದ ಚಿತ್ರದಲ್ಲಿರುವಂಥ ಹಲ್ಲು. ಗೊತ್ತಾಯಿತು, ನನಗೆ ಆ ಕ್ಷಣದಲ್ಲೇ ಗೊತ್ತಾಯಿತು. ಆದರೂ ಟ್ರೇಯಲ್ಲಿ ಹಾಕಿ, ಪುಸ್ತಕ ಮುಂದೊಡ್ಡಿ, ಸಹಿ ಹಾಕಿಸಿಕೊಂಡೆ. ಮೊದಲ ವರ್ಷದಲ್ಲಿ ಅಮ್ಮ ಕಿರುಬೆರಳಿಟ್ಟು ತೋರಿಸಿದ್ದ ತೂತು ಸರಿಯಾಗಿ ಆ ಹಲ್ಲಿನ ಬೇರಿನ ಕೆಳಗಿರುತ್ತದೆ.

ವಾಪಸು ಬರುವಾಗ ಅಮ್ಮ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಹಿಡಿದಳು. ಗಾಳಿಗೆ ಮುಖವೊಡ್ಡಿಕೊಂಡಳು. ಲಾಲ್‌ಬಾಗಿನ ಗೋಡೆ ದಾಟುವವರೆಗೂ ಮಾತು, ಸೌತ್ ಎಂಡ್ ಸರ್ಕಲ್ ಬಂದರೂ ಮಾತು. ತನ್ನ ತೌರಿನ ಸುದ್ದಿ, ಚಿಕ್ಕಂದಿನಲ್ಲಿ ಹುರಿಗಡಲೆ ಜೇಬಿಗೆ ತುಂಬಿಕೊಂಡು ಸ್ಕೂಲಿಗೆ ಹೋಗುತ್ತಿದ್ದದ್ದು, ಏನೇನೋ. ಮರಗಟ್ಟಿದ ತುಟಿಯಿಂದ ಜೊಲ್ಲು ಇಳಿದರೆ ನಗುತ್ತ ಒರೆಸಿಕೊಂಡಳು. ಮಗಳು ಡಾಕ್ಟರಾದಳೆಂಬ ಸಂತೋಷ ಎಂದುಕೊಂಡೆ. ಸಂಜೆ ಹೊತ್ತಿಗೆ ಮತ್ತೆ ಮಾತು ನಿಂತಿತು.

ಎರಡು ತಿಂಗಳಾದ ಮೇಲೆ ಒಂದು ಆಸ್ಪತ್ರೆಯ ವಾರ್ಡಿನಲ್ಲಿ ನಮಗೆ ಪಾಠವಿತ್ತು. ಬೇಗೂರಿನ ಕಡೆಯ ಸೊಪ್ಪು ಮಾರುವ ಅಜ್ಜಿಯೊಬ್ಬರು ಹಾಸಿಗೆಯ ಮೇಲೆ ಕೂತಿದ್ದರು. ಕೆನ್ನೆಯ ಮೇಲೆ ಸೆರಗು, ಅದೂ ಒಂದಿಂಚು ದೂರದಲ್ಲಿ.

"ಮುಖ ತೊಳ್ಕೊಳ್ಳೋಕೆ ಆಗತ್ತಾ ಅಜ್ಜಿ?" ಎಂದು ಡಾಕ್ಟರು ಕೇಳಿದರು.

"ಗಾಳಿ ಸೋಕಿದ್ರೇ ಪ್ರಾಣ ಓಯ್ತದೆ ಸಾಮಿ. ನೀರೆಲ್ಲಿ ಮುಟ್ಟಿಸ್ಲಿ?"

ಡಾಕ್ಟರು ಅಜ್ಜಿಯ ಬಾಯಿ ತೆರೆಸಿ ನಮಗೆ ತೋರಿಸಿದರು. ಆ ಮಗ್ಗುಲಲ್ಲಿ ಒಂದು ಹಲ್ಲೂ ಇರಲಿಲ್ಲ. "ನೋವಿರೋದು ಐದನೇ ನರದಲ್ಲಿ. ಹಲ್ಲುಗಳನ್ನೆಲ್ಲ ಕಿತ್ತಿದ್ದು ನಿಮ್ಮ ಜನ" ಎಂದರು. ಸುತ್ತ ನಿಂತವರು ನಕ್ಕರು. ನಗಲು ಅದರಲ್ಲಿ ಏನಿತ್ತೋ ನನಗೆ ಇವತ್ತಿಗೂ ಗೊತ್ತಿಲ್ಲ. ಅಜ್ಜಿ ಬಾಯಿ ತೆರೆದುಕೊಂಡೇ ಇದ್ದರು. ಪಾಠ ಮುಗಿಯುವ ಮೊದಲೇ ನಾನು ಬಸ್ ಸ್ಟಾಪಿನಲ್ಲಿದ್ದೆ.

ಮರುವಾರ ಅಮ್ಮನನ್ನು ಅದೇ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಆತ ಅವಳ ಮುಖ ಮುಟ್ಟುವ ಮೊದಲು ಅನುಮತಿ ಕೇಳಿದರು. ಹತ್ತಿಯ ಎಳೆಯಿಂದ ಎಡಗೆನ್ನೆ ಸೋಕಿಸಿದರು, ಬಲಗಡೆಯ ಗದ್ದದ ಹತ್ತಿರ ತರುವಷ್ಟರಲ್ಲೇ ಅವಳು ಹಿಂದೆ ಸರಿದದ್ದನ್ನು ನೋಡಿ ನಿಲ್ಲಿಸಿದರು. ಹಲ್ಲು ಕಚ್ಚಿಸಿ ಸ್ನಾಯು ನೋಡಿದರು, ಎರಡು ಕಡೆಯೂ ಗಟ್ಟಿಯಾಗಿದ್ದವು. ಆಮೇಲೆ "ಹೇಳಿಮ್ಮ, ಹೇಗಿರತ್ತೆ?" ಎಂದರು. ನಾಲ್ಕು ವರ್ಷದಲ್ಲಿ ಆ ಪ್ರಶ್ನೆ ಕೇಳಿದ ಮೊದಲನೆಯವರು ಅವರು. ಅಮ್ಮ ಹತ್ತು ನಿಮಿಷ ಮಾತಾಡಿದಳು. ಕೊನೆಗೆ ಅತ್ತಳು. ನಾನು ಕಿಟಕಿಯ ಹೊರಗೆ ನೋಡುತ್ತಿದ್ದೆ.

ಮಾತ್ರೆ ಬರೆದುಕೊಟ್ಟರು. ಅದು ಫಿಟ್ಸ್ ಬರುವವರಿಗೆ ಕೊಡುವ ಮಾತ್ರೆ, ಈ ನರದ ನೋವಿಗೂ ಅದೇ ಮದ್ದು. ಚೀಟಿಯನ್ನು ಅಪ್ಪನ ಕೈಗೆ ಕೊಟ್ಟೆ. ಅದೇ ನಾನು ಮಾಡಿದ ತಪ್ಪು.

ಎಂಟು ದಿನ ಆ ಚೀಟಿ ಅಪ್ಪನ ಷರಟಿನ ಜೇಬಿನಲ್ಲಿತ್ತು. ಕೇಳಿದರೆ "ಆಫೀಸ್ ಹತ್ರ ತಗೋತೀನಿ" ಎನ್ನುವರು. ಎಂಟನೆಯ ದಿನ ನಾನು ಬಿಡಲಿಲ್ಲ. ಅಮ್ಮ ಹಿಂದಿನ ದಿನದಿಂದ ನೀರು ಕೂಡ ಕುಡಿದಿರಲಿಲ್ಲ. ಅಪ್ಪ ದನಿ ತಗ್ಗಿಸಿದರು.

"ನಮ್ಮ ಮೆಡಿಕಲ್ ಶಾಪಿನೋರಿಗೆ ಇಡೀ ಬ್ಲಾಕು ಗೊತ್ತು. ಫಿಟ್ಸ್ ಮಾತ್ರೆ ಈ ಮನೆಗೆ ಹೋಯ್ತು ಅಂದ್ರೆ ಸಂಜೆ ಹೊತ್ತಿಗೆ ಎಲ್ರಿಗೂ ತಿಳಿಯತ್ತೆ. ತಾಯಿಗೆ ಫಿಟ್ಸ್ ಅಂದ್ರೆ ನಿನ್ನನ್ನ ಯಾರೇ ಮದುವೆ ಆಗ್ತಾರೆ? ಇನ್ನೊಂದು ಎರಡು ದಿನ ತಡ್ಕೊಳ್ಳಲಿ."

"ನೀವು ತಡ್ಕೊಂಡು ನೋಡಿ ಅಪ್ಪ. ಒಂದೇ ಒಂದ್ಸಲ" ಎಂದೆ. ಅಪ್ಪನ ಎದುರು ನಾನು ಹಾಗೆ ಮಾತಾಡಿದ್ದು ಅದೇ ಮೊದಲು. ಅತ್ತೆ ಬಾಗಿಲಲ್ಲಿ ನಿಂತು "ಏನು ಕಾಲ ಬಂತಪ್ಪ" ಎಂದರು. ಗೂಟಕ್ಕೆ ನೇತುಹಾಕಿದ್ದ ಷರಟಿನಿಂದ ಚೀಟಿ ತೆಗೆದುಕೊಂಡು ನಮ್ಮ ಬ್ಲಾಕಿನ ಮೆಡಿಕಲ್ ಶಾಪಿಗೇ ಹೋದೆ. ಬೇಕೆಂದೇ ಹೋದೆ. ಸಂಜೆ ಆರು ಗಂಟೆ, ಅಂಗಡಿ ತುಂಬ ಜನ. ಅರಿಶಿನದ ಬಟ್ಟಲಿನ ಮನೆಯಾಕೆಯೂ ಇದ್ದರು. ಚೀಟಿ ಕೊಟ್ಟು, ಎಲ್ಲರಿಗೂ ಕೇಳುವಂತೆ ಹೇಳಿದೆ.

"ನಮ್ಮಮ್ಮಂಗೆ. ಫಿಟ್ಸ್ ಅಲ್ಲ, ಮುಖದ ನರದ ನೋವು. ನಾಲ್ಕು ವರ್ಷದಿಂದ ಇದೆ. ಕೆನ್ನೆ ಮುಟ್ಟಿದ್ರೆ ಜೀವ ಹೋಗತ್ತೆ, ಅದಕ್ಕೇ ಅವತ್ತು ಅರಿಶಿನ ಹಚ್ಚಿಸಿಕೊಳ್ಳಲಿಲ್ಲ."

"ನಿಧಾನ ಕಣಮ್ಮ, ಕೊಡ್ತೀನಿ" ಎಂದರು ಅಂಗಡಿಯವರು. ಆಮೇಲೆ ಒಂದು ಸಂಬಂಧ ಜಾತಕದ ಹಂತದಲ್ಲೇ ತಣ್ಣಗಾಯಿತು. ಅದಕ್ಕೆ ನನಗೆ ಕಿಂಚಿತ್ತೂ ಬೇಜಾರಾಗಲಿಲ್ಲ.

ಮಾತ್ರೆ ಶುರುಮಾಡಿದ ಮೇಲೆ ಎರಡು ದಿನ ಅಮ್ಮ ತೂಕಡಿಸುತ್ತ, ಗೋಡೆ ಹಿಡಿದು ಓಡಾಡಿದಳು. ಮೂರನೆಯ ದಿನ ಬೆಳಿಗ್ಗೆ ಹಿತ್ತಲಿನಲ್ಲಿ ನಲ್ಲಿಯ ಸದ್ದು ನಿಲ್ಲಲೇ ಇಲ್ಲ. ಹೋಗಿ ನೋಡಿದರೆ ಬೊಗಸೆಯಲ್ಲಿ ನೀರು ತುಂಬಿ ತುಂಬಿ ಮುಖಕ್ಕೆ ಎರಚಿಕೊಳ್ಳುತ್ತಿದ್ದಳು. ಎರಡೂ ಕೈಯಿಂದ ಎರಡೂ ಕೆನ್ನೆ ಉಜ್ಜಿಕೊಳ್ಳುತ್ತಿದ್ದಳು. ರವಿಕೆ, ಸೆರಗು ಎಲ್ಲ ಒದ್ದೆ. ಅಪ್ಪ ಪೇಪರು ಹಿಡಿದು ಬಾಗಿಲಲ್ಲಿ ನಿಂತಿದ್ದರು. ಸಂಜೆ ಆಫೀಸಿನಿಂದ ಬರುವಾಗ ಗಾಂಧಿ ಬಜಾರಿನಿಂದ ಬಿಸಿ ಹುರಿಗಡಲೆಯ ಪೊಟ್ಟಣ ತಂದು ಅಮ್ಮನ ಮುಂದಿಟ್ಟರು.

ಅಮ್ಮ ನಾಲ್ಕು ಕಾಳು ಬಾಯಿಗೆ ಹಾಕಿಕೊಂಡು ಹಳೆಯ ರೂಢಿಯಂತೆ ಬಲಕ್ಕೆ ತಳ್ಳಿದಳು. ಅಲ್ಲಿ ಏನೂ ಇರಲಿಲ್ಲ. ಅತ್ತೆ ನಕ್ಕು, "ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ" ಎಂದರು.

"ಹಲ್ಲಿತ್ತು ಅತ್ತೆ. ನಾವು ಕಿತ್ವಿ" ಎಂದೆ.

ಆಮೇಲೆ ಅಮ್ಮ ಒಗೆದ ಬಟ್ಟೆ ತೆಗೆಯಲು ಹಿತ್ತಲಿಗೆ ಹೋದಳು. ನಾನೂ ಹಿಂದೆ ಹೋದೆ. ಒಗೆಯುವ ಕಲ್ಲಿನ ಹತ್ತಿರ ನಿಂತು, ಎರಡು ತಿಂಗಳಿಗೂ ಮೇಲೆ ಮುಚ್ಚಿಟ್ಟುಕೊಂಡಿದ್ದುದನ್ನು ಹೇಳಿಬಿಟ್ಟೆ. ನಾನು ಕಿತ್ತ ಹಲ್ಲು ಚೆನ್ನಾಗಿತ್ತು, ಅದು ನನಗೆ ಅಲ್ಲೇ ಗೊತ್ತಾಗಿತ್ತು, ಆದರೂ ಸಹಿ ಹಾಕಿಸಿಕೊಂಡೆ ಎಂದೆ.

ಅಮ್ಮ ಟವಲು ಮಡಿಸುತ್ತಿದ್ದಳು.

"ನನ್ನ ಹಲ್ಲು ಚೆನ್ನಾಗಿತ್ತು ಅಂತ ನಂಗೆ ಗೊತ್ತಿರಲ್ವೇನೇ? ನಾಲ್ಕೂ ಚೆನ್ನಾಗೇ ಇದ್ವು."

"ಮತ್ತೆ ಯಾಕಮ್ಮ ಕೀಳಿಸಿಕೊಂಡೆ?"

"ಮೊದಲನೇದು ಕೀಳುವಾಗ ಆ ಡಾಕ್ಟ್ರು ಸೂಜಿ ಹಾಕಿದ್ರಲ್ಲ, ಎರಡು ಗಂಟೆ ಏನೂ ಇರ್ಲಿಲ್ಲ. ಮುಖ ನಂದೇ ಅಲ್ಲ ಅನ್ನೋ ಹಾಗಿತ್ತು. ಸುಮ್ಸುಮ್ನೆ ಸೂಜಿ ಹಾಕಿ ಅಂದ್ರೆ ಯಾರು ಹಾಕ್ತಾರೆ? ಹಲ್ಲು ಕೊಟ್ರೆ ಹಾಕ್ತಿದ್ರು." ಮಡಿಸಿದ ಟವಲನ್ನು ನನ್ನ ತೋಳಿನ ಮೇಲಿಟ್ಟಳು. "ನೀನು ಹಾಕಿದ್ದು ಮಾತ್ರ ಮೂರು ಗಂಟೆ ಬಂತು ಕಣೇ. ನಿನ್ನ ಕೈ ಒಳ್ಳೇದು."